ಹಗುರ ಪೀಠವೋ, ಸುಖಾಸನವೋ: ವೇಗದ ಕಾರಿನ ಆಸನ ನಡೆದುಬಂದ ದಾರಿ

ವಾಹನಗಳನ್ನು ಕುರಿತು ನಡೆಯುವ ಮಾತುಕತೆಗಳಲ್ಲಿ ಎಂಜಿನ್ನಿನ ಶಕ್ತಿಗೂ ಚಕ್ರದ ಹಿಡಿತಕ್ಕೂ ಮೈಬಣ್ಣದ ಹೊಳಪಿಗೂ ಸಲ್ಲುವ ಗೌರವದಲ್ಲಿ ಹತ್ತರಲ್ಲೊಂದು ಪಾಲಾದರೂ, ಏರಿ ಕುಳಿತ ಕ್ಷಣದಿಂದ ಇಳಿಯುವ ಕ್ಷಣದವರೆಗೆ ಮನುಷ್ಯನ ಮೈಯನ್ನು ಬಿಡದೆ ಹೊತ್ತಿರುವ ಆಸನಕ್ಕೆ ಸಲ್ಲುವುದಿಲ್ಲವೆಂಬುದು ವಿಷಾದದ ಸಂಗತಿ. ಇಂದು ಸ್ಪೋರ್ಟ್ಸ್ ಕಾರೊಂದನ್ನು ಕೊಳ್ಳಹೊರಟವನ ಮುಂದೆ ತಯಾರಕರು ಇಡುವ ಪಟ್ಟಿಯಲ್ಲಿ ಎರಡು ಬಗೆಯ ಆಸನಗಳಿರುವುದುಂಟು: ಒಂದು, ಕಾರ್ಬನ್ ನಾರಿನಿಂದ ಮಾಡಿದ, ತೆಳ್ಳಗಿನ, ಬೆನ್ನು ಬಾಗದ ಹಗುರ ಪೀಠ, ಇನ್ನೊಂದು, ಮೋಟಾರಿನಿಂದ ಹಿಂದೆ ಮುಂದೆ ಸರಿದು, ಬೆನ್ನನ್ನು ಒರಗಿಸಿ, ಸೊಂಟಕ್ಕೆ ಆಧಾರ ಕೊಡುವ ಸಾಮಾನ್ಯ ಆಸನ. ಇವೆರಡರಲ್ಲಿ ಯಾವುದನ್ನು ಆರಿಸಬೇಕೆಂಬ ಪ್ರಶ್ನೆ ಹೊರನೋಟಕ್ಕೆ ಸಿರಿವಂತರ ವಿನೋದವೆಂದು ತೋರಬಹುದಾದರೂ, ಭಾರ ಕಡಿಮೆ ಮಾಡಿ ವೇಗ ಪಡೆಯುವುದೋ, ಭಾರ ಸಹಿಸಿ ಮೈಯನ್ನು ಉಳಿಸಿಕೊಳ್ಳುವುದೋ ಎಂಬ ಬಹು ಹಳೆಯ ವಿಚಾರವೇ ಅದರೊಳಗೆ ಅಡಗಿದೆ.

ಚಿತ್ರದುರ್ಗದ ಸೀಮೆ ಈ ವಿಚಾರಕ್ಕೆ ಹೊಸದಲ್ಲ. ಮೈಸೂರು ಅರಸರ ಕಾಲದಲ್ಲಿ ಬೆಣ್ಣೆ ಚಾವಡಿಯೆಂದು ಆರಂಭವಾಗಿ, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಪಡೆದ ದನದ ತಳಿ ಈ ನಾಡಿನ ಕಾವಲುಗಳಲ್ಲಿ ಮೇಯ್ದು ಬೆಳೆದದ್ದು. ಸೈನ್ಯದ ಸಾಮಾನು ಸರಂಜಾಮುಗಳನ್ನು ಎಳೆದ ಆ ಎತ್ತುಗಳ ಕೀರ್ತಿಗೆ ಕಾರಣ ಅವುಗಳ ಗಾತ್ರವಲ್ಲ, ಬಿಗಿಯಾದ ಹಗುರ ಮೈಯೂ ದಣಿಯದ ನಡಿಗೆಯೂ. ಊರಿನ ಬಡಗಿಯೂ ಇದೇ ತತ್ತ್ವವನ್ನು ಅರಿತವನಾಗಿದ್ದನು. ಹೊರೆ ಹೇರುವ ಗಾಡಿಯನ್ನು ದಪ್ಪ ಮರದಲ್ಲಿ ಕಟ್ಟಿದರೆ, ಮದುವೆಗೂ ಜಾತ್ರೆಗೂ ಹೋಗಿಬರುವ ಸವಾರಿ ಗಾಡಿಯನ್ನು ಸಣ್ಣದಾಗಿಯೂ ಹಗುರವಾಗಿಯೂ ಕಟ್ಟುತ್ತಿದ್ದನು. ಆದರೆ ಅದರೊಳಗೆ ಕೂರುವ ಹಿರಿಯರಿಗಾಗಿ ಹುಲ್ಲು ಹಾಸಿ, ಅದರ ಮೇಲೆ ಚಳ್ಳಕೆರೆಯ ಕಂಬಳಿಯನ್ನು ಹಾಸದೆ ಎತ್ತು ಹೂಡುತ್ತಿರಲಿಲ್ಲ. ಗಾಡಿ ಹಗುರವಾಗಲಿ, ಕುಳಿತವನ ಸೊಂಟ ಉಳಿಯಲಿ ಎಂಬ ಆ ವಿವೇಕವನ್ನು ಮೋಟಾರು ಯುಗ ಎಷ್ಟರಮಟ್ಟಿಗೆ ಕಾಪಾಡಿಕೊಂಡಿತು, ಎಲ್ಲಿ ಕೈಬಿಟ್ಟಿತು ಎಂಬುದನ್ನು ನೋಡುವುದೇ ಈ ಸಮೀಕ್ಷೆಯ ಉದ್ದೇಶ.

ಮೊದಲ ಕಾರುಗಳ ಆಸನ ಕುದುರೆಸಾರೋಟಿನಿಂದ ನೇರವಾಗಿ ಬಂದದ್ದು. ಮರದ ಚೌಕಟ್ಟು, ಅದರೊಳಗೆ ಉಕ್ಕಿನ ಸುರುಳಿಗಳು, ಮೇಲೆ ಕುದುರೆಕೂದಲ ಮೆತ್ತೆ, ಚರ್ಮದ ಹೊದಿಕೆ. ಕಾಲಕ್ರಮದಲ್ಲಿ ಕುದುರೆಕೂದಲಿನ ಜೊತೆಗೆ ತೆಂಗಿನ ನಾರೂ ಸೇರಿತು. ನಾರನ್ನು ಸುರುಳಿಮಾಡಿ, ಅದರ ಮೇಲೆ ರಬ್ಬರಿನ ಹಾಲನ್ನು ಸಿಂಪಡಿಸಿ, ಅಚ್ಚಿನಲ್ಲಿ ಒತ್ತಿ ಮಾಡಿದ ಮೆತ್ತೆಗಳು ಜರ್ಮನಿಯ ಹೆಸರಾಂತ ಕಾರುಗಳ ಆಸನಗಳಲ್ಲಿ ದಶಕಗಳವರೆಗೆ ಕೂತಿದ್ದವು. ಹೊಸದುರ್ಗ, ಹಿರಿಯೂರುಗಳ ತೋಟಗಳಲ್ಲಿ ಸುಲಿದು ರಾಶಿ ಹಾಕುವ ತೆಂಗಿನ ಸಿಪ್ಪೆಯನ್ನು ಕಂಡವರಿಗೆ, ಅದೇ ಜಾತಿಯ ನಾರು ದೂರದೇಶದ ವೇಗದ ಕಾರುಗಳಲ್ಲಿ ಸವಾರನ ಭಾರವನ್ನು ಹೊತ್ತಿತ್ತೆಂಬುದು ಸಂತೋಷದ ವಿಷಯವಾಗಬೇಕು. ಗಾಳಿಯಾಡುವುದು, ಬೆವರು ಹಿಡಿಯದಿರುವುದು ಅದರ ಗುಣ. 1937ರಲ್ಲಿ ಜರ್ಮನಿಯ ಒಟ್ಟೋ ಬೇಯರನು ಕಂಡುಹಿಡಿದ ಪಾಲಿಯುರೆಥೇನ್ ಎಂಬ ವಸ್ತು ಮುಂದೆ ಮೆದುವಾದ ಫೋಮಿನ ರೂಪ ತಾಳಿ, ಅಗ್ಗವೂ ಹಗುರವೂ ಆದ ಮೇಲೆ, ನಾರೂ ಸುರುಳಿಯೂ ಮೆಲ್ಲಗೆ ಹಿಂದೆ ಸರಿದುವು.

ಜನಸಾಮಾನ್ಯರ ಆಸನದ ಕಥೆ ಬೇರೆಯೇ ದಾರಿಯಲ್ಲಿ ಸಾಗಿತು. 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಡನೆ ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ ಆರಂಭವಾದಂದಿನಿಂದ ಇಂದಿನ ಐರಾವತದವರೆಗೆ ಬಸ್ಸಿನ ಆಸನ ಹೆಚ್ಚುಹೆಚ್ಚು ಮೆತ್ತಗೂ ಭಾರವಾಗಿಯೂ ಆಗುತ್ತ ಬಂದಿತೇ ಹೊರತು ಹಗುರವಾಗಲಿಲ್ಲ. ದೂರ ಸಾಗುವವನಿಗೆ ಬೇಕಾದುದು ಯಾವುದೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಡ.

ವೇಗದ ಕಾರು ಮಾತ್ರ ಇದಕ್ಕೆ ವಿರುದ್ಧವಾದ ಹಾದಿ ಹಿಡಿಯಿತು. ತಿರುವಿನಲ್ಲಿ ಕಾರು ಒಂದು ದಿಕ್ಕಿಗೆ ಹೊರಳಿದಾಗ ಮೈ ಇನ್ನೊಂದು ದಿಕ್ಕಿಗೆ ಜಾರುವುದು ಸಹಜ. ಉದ್ದಮಣೆಯಂತಹ ಆಸನದಲ್ಲಿ ಕುಳಿತ ಚಾಲಕನು ಸ್ಟಿಯರಿಂಗನ್ನು ತಿರುಗಿಸುವುದಕ್ಕಿಂತ ಅದನ್ನು ಹಿಡಿದು ನೇತಾಡುವುದೇ ಹೆಚ್ಚಾಗುತ್ತದೆ. ಆದಕಾರಣ ಸೊಂಟವನ್ನೂ ಪಕ್ಕೆಗಳನ್ನೂ ಎರಡು ಕಡೆಯಿಂದ ಅಪ್ಪಿ ಹಿಡಿಯುವ ಬಕೆಟ್ ಸೀಟು ಪಂದ್ಯದ ಕಾರುಗಳಲ್ಲಿ ನೆಲೆಗೊಂಡಿತು. 1906ರಲ್ಲಿ ಸ್ಟುಟ್‌ಗಾರ್ಟಿನಲ್ಲಿ ವಿಲ್ಹೆಲ್ಮ್ ರಾಯ್ಟರನು ಸ್ಥಾಪಿಸಿದ ಸಾರೋಟಿನ ಕಾರ್ಖಾನೆ ಮುಂದೆ ಪೋರ್ಷೆ ಕಂಪನಿಗೆ ಕಾರಿನ ಮೈಗಳನ್ನು ಕಟ್ಟಿಕೊಡುತ್ತಿತ್ತು. 1963ರಲ್ಲಿ ಮೈ ಕಟ್ಟುವ ಕೆಲಸವನ್ನು ಪೋರ್ಷೆಯೇ ಕೊಂಡುಕೊಂಡಾಗ, ಉಳಿದ ಭಾಗ ರೆಕಾರೊ ಎಂಬ ಹೆಸರಿನಿಂದ ಆಸನಗಳನ್ನೇ ತಯಾರಿಸುವ ಸಂಸ್ಥೆಯಾಯಿತು. 1965ರ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಅದು ಮುಂದಿಟ್ಟ ಸ್ಪೋರ್ಟ್ಸ್ ಸೀಟು, ಪಂದ್ಯದ ಗುಣವನ್ನು ದಿನಬಳಕೆಯ ರಸ್ತೆಗೆ ತಂದಿತು.

ಇಂದಿನ ಆಯ್ಕೆಯ ಪ್ರಶ್ನೆ ಸ್ಪಷ್ಟವಾದ ರೂಪದಲ್ಲಿ ಮೊದಲಿಗೆ ಕಾಣುವುದು 1972-73ರ ಪೋರ್ಷೆ 911 ಕರೇರ ಆರ್‌ಎಸ್ 2.7 ಎಂಬ ಕಾರಿನಲ್ಲೆಂದು ನನ್ನ ಅಭಿಪ್ರಾಯ. ಪಂದ್ಯದ ನಿಯಮಕ್ಕಾಗಿ ಐನೂರು ಕಾರುಗಳನ್ನು ಮಾಡಿದರೆ ಸಾಕಾಗಿದ್ದಲ್ಲಿ, ಬೇಡಿಕೆ ಏರಿ 1,580 ಕಾರುಗಳು ಹೊರಬಂದುವು. ಕೊಳ್ಳುವವನಿಗೆ ಅದು ಮುಖ್ಯವಾಗಿ ಎರಡು ರೂಪಗಳಲ್ಲಿ ದೊರಕುತ್ತಿತ್ತು. ‘ಸ್ಪೋರ್ಟ್’ ಎಂಬ ರೂಪದಲ್ಲಿ ಹಿಂದಿನ ಆಸನಗಳಿಲ್ಲ, ನೆಲದ ಮೇಲೆ ಜಮಖಾನೆಯ ಬದಲಿಗೆ ರಬ್ಬರಿನ ಹಾಸು, ಬಾಗಿಲು ಎಳೆದುಕೊಳ್ಳಲು ಹಿಡಿಕೆಯ ಬದಲಿಗೆ ಒಂದು ಪಟ್ಟಿ, ಕೂರಲು ತೆಳ್ಳಗಿನ ರೆಕಾರೊ ಬಕೆಟ್ ಸೀಟು. ಒಟ್ಟು ತೂಕ 960 ಕಿಲೋ. ‘ಟೂರಿಂಗ್’ ಎಂಬ ರೂಪದಲ್ಲಿ ಸಾಮಾನ್ಯ ಕಾರಿನ ಸೌಕರ್ಯಗಳೆಲ್ಲ ಮರಳಿ ಬಂದು, ತೂಕ 1,075 ಕಿಲೋ. ಎರಡಕ್ಕೂ ನಡುವೆ 115 ಕಿಲೋ ಅಂತರ. ಅಂದರೆ ನೂರಕ್ಕೆ ಹತ್ತಕ್ಕಿಂತ ಹೆಚ್ಚು. ಇಷ್ಟು ಭಾರ ಇಳಿದರೆ ಕಾರಿನ ಸ್ವಭಾವವೇ ಬದಲಾಗುವುದೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೂ ಕೊಂಡವರು ಮಾಡಿದ್ದೇನು? ‘ಸ್ಪೋರ್ಟ್’ ರೂಪವನ್ನು ಆರಿಸಿದವರು 200 ಮಂದಿ. ‘ಟೂರಿಂಗ್’ ರೂಪವನ್ನು ಆರಿಸಿದವರು 1,308 ಮಂದಿ. ವೇಗಕ್ಕಾಗಿಯೇ ಹುಟ್ಟಿದ ಕಾರನ್ನು, ವೇಗವನ್ನು ಬಲ್ಲವರೇ ಕೊಳ್ಳುವಾಗಲೂ, ಬಹುಜನ ಸುಖಾಸನವನ್ನೇ ಬೇಡಿದರು. ಅಂದು ಸುಖಾಸನಕ್ಕೆ ಹೆಚ್ಚಿನ ಹಣ ಕೊಡಬೇಕಾಗಿತ್ತೆಂಬುದನ್ನೂ ಮರೆಯಲಾಗದು. ಇಂದು ಕ್ರಮ ತಿರುಗುಮುರುಗಾಗಿ, ಇಲ್ಲದ ಭಾರಕ್ಕೇ ಹೆಚ್ಚು ಬೆಲೆ ಕೊಡುವ ಕಾಲ ಬಂದಿದೆ.

ಈ ಬದಲಾವಣೆಗೆ ಕಾರಣ ಕಾರ್ಬನ್ ನಾರು. 1981ರಲ್ಲಿ ಮೆಕ್‌ಲಾರೆನ್ ತಂಡ ಕಾರ್ಬನ್ ನಾರಿನ ಮೈಕಟ್ಟಿನ ಪಂದ್ಯದ ಕಾರನ್ನು ಫಾರ್ಮುಲಾ ಒನ್ ಕಣಕ್ಕೆ ಇಳಿಸಿದ ಮೇಲೆ ಆ ವಸ್ತುವಿನ ಪ್ರತಿಷ್ಠೆ ಬೆಳೆಯಿತು. 1987ರ ಫೆರಾರಿ ಎಫ್40 ಕಾರಿನಲ್ಲಿ ಬಟ್ಟೆ ಹೊದಿಸಿದ ಸಂಯುಕ್ತ ವಸ್ತುವಿನ ಪೀಠಗಳೂ, ಬಾಗಿಲು ತೆರೆಯಲು ಒಂದು ದಾರವೂ ಇದ್ದುವು. ನಮ್ಮ ನಾಡಿಗೂ ಈ ವಿದ್ಯೆ ಅಪರಿಚಿತವಲ್ಲ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ ತೇಜಸ್ ವಿಮಾನದ ರೆಕ್ಕೆಗಾಗಿ ಕಾರ್ಬನ್ ಸಂಯುಕ್ತಗಳ ಮೇಲೆ ದುಡಿದಿದೆ; ಒಂದು ಕಾಲಕ್ಕೆ ಹಗುರ ಮೈಯ ಎತ್ತುಗಳು ಮೇಯುತ್ತಿದ್ದ ಚಳ್ಳಕೆರೆಯ ಕಾವಲಿನ ನೆಲದಲ್ಲಿ 2017ರಲ್ಲಿ ಉದ್ಘಾಟನೆಯಾದ ಪರೀಕ್ಷಾಕ್ಷೇತ್ರದ ಮೇಲೆ ಚಾಲಕರಹಿತ ವಿಮಾನಗಳು ಇಂದು ಹಾರಾಡುತ್ತಿವೆ. ವಿಮಾನದಲ್ಲಿ ಪ್ರತಿ ಕಿಲೋ ಭಾರಕ್ಕೂ ಲೆಕ್ಕವಿದೆ, ಅಲ್ಲಿ ಈ ವಸ್ತುವಿಗೆ ಪೂರ್ಣ ಸಾರ್ಥಕ್ಯವಿದೆ.

ಕಾರಿನಲ್ಲಿ ಅಷ್ಟೇ ಸಾರ್ಥಕ್ಯವಿದೆಯೆ? ಬಿಎಂಡಬ್ಲ್ಯು ಕಂಪನಿಯ ಎಂ3, ಎಂ4 ಕಾರುಗಳಿಗೆ ದೊರಕುವ ಕಾರ್ಬನ್ ಆಸನಗಳಿಂದ ಉಳಿಯುವ ಭಾರ 9.6 ಕಿಲೋ ಎಂದು ಆ ಕಂಪನಿಯೇ ತಿಳಿಸುತ್ತದೆ. ಒಂದೂಮುಕ್ಕಾಲು ಟನ್ನಿನ ಸಮೀಪದ ಕಾರಿನಲ್ಲಿ ಇದು ನೂರರಲ್ಲೊಂದು ಪಾಲೂ ಅಲ್ಲ. ಪೆಟ್ರೋಲು ಲೀಟರಿಗೆ ಮುಕ್ಕಾಲು ಕಿಲೋ ತೂಗುವುದರಿಂದ, ತೊಟ್ಟಿಯನ್ನು ತುಂಬಿಸದೆ ಹದಿಮೂರು ಲೀಟರು ಕಡಿಮೆ ಹಾಕಿಸಿಕೊಂಡರೂ ಅಷ್ಟೇ ಭಾರ ಇಳಿಯುತ್ತದೆ. ಹಾಗೆಂದು ಹಗುರ ಪೀಠ ವ್ಯರ್ಥವೆನ್ನಲಾಗದು. ಅದರ ನಿಜವಾದ ಗುಣವಿರುವುದು ತೂಕದಲ್ಲಿ ಅಲ್ಲ, ಹಿಡಿತದಲ್ಲಿ. ಎಪ್ಪತ್ತು ಕಿಲೋ ತೂಗುವ ಚಾಲಕನನ್ನು ತೀವ್ರ ತಿರುವಿನ ಬಲ ಹೆಚ್ಚುಕಡಿಮೆ ಅಷ್ಟೇ ಭಾರದಿಂದ ಪಕ್ಕಕ್ಕೆ ನೂಕುವಾಗ, ಆ ನೂಕನ್ನು ಆಸನದ ಅಂಚುಗಳು ಹೊತ್ತುಕೊಂಡರೆ ಅವನ ಕೈಗಳು ಸ್ಟಿಯರಿಂಗಿನ ಕೆಲಸಕ್ಕೆ ಸ್ವತಂತ್ರವಾಗುತ್ತವೆ. ಬಾಗದ ಬೆನ್ನಿನ ಮೂಲಕ ಚಕ್ರ ಎಲ್ಲಿ ಜಾರಿತು, ಎಲ್ಲಿ ಹಿಡಿಯಿತು ಎಂಬ ವಾರ್ತೆ ತಡವಿಲ್ಲದೆ ಮೈಗೆ ಮುಟ್ಟುತ್ತದೆ. ಪಂದ್ಯದ ಸವಾರನಿಗೆ ಈ ವಾರ್ತೆ ಅಮೂಲ್ಯ.

ಕರ್ನಾಟಕದಲ್ಲಿ ಲಘುತ್ವದ ಪರೀಕ್ಷೆ ನಡೆದುಹೋಗಿದೆ. 1982ರಲ್ಲಿ ಬೆಂಗಳೂರಿನ ಸಿಪಾನಿ ಕಂಪನಿ ಹೊರತಂದ ಡಾಲ್ಫಿನ್ ಕಾರಿಗೆ ಮೈಯೆಲ್ಲ ಫೈಬರ್‌ಗ್ಲಾಸು, ಎಂಜಿನ್ನು 848 ಸಿಸಿ. ಇಂಗ್ಲೆಂಡಿನ ರಿಲಯಂಟ್ ಕಿಟನ್ ಅದರ ಮೂಲ. ಆ ಹಗುರ ಮೈಯ ಕಾರಣದಿಂದ ರೇಸಿನವರೂ ರ‍್ಯಾಲಿಯವರೂ ಅದನ್ನು ಮೆಚ್ಚಿಕೊಂಡರು. ಸಂಸಾರಸ್ಥರು ಮೆಚ್ಚಲಿಲ್ಲ; ಎರಡೇ ಬಾಗಿಲಿನ ಕಾರಿನಲ್ಲಿ ಮುಂದಿನ ಆಸನವನ್ನು ಮಡಿಸಿ, ಸೀರೆ ಉಟ್ಟ ಅಜ್ಜಿಯನ್ನು ಹಿಂದಕ್ಕೆ ಹತ್ತಿಸುವುದು ಸುಲಭವಲ್ಲ. 1983ರ ಕೊನೆಗೆ ನಾಲ್ಕು ಬಾಗಿಲಿನ ಮಾರುತಿ 800 ಬಂದ ಮೇಲೆ, ಡಾಲ್ಫಿನ್ನಿನ ಮುಂದಿನ ಅವತಾರವಾದ ಮೊಂಟಾನಾಕ್ಕೆ ಸಿಪಾನಿಯವರು ಬಾಗಿಲುಗಳನ್ನು ಹೆಚ್ಚಿಸಿದರೂ ಪೇಟೆ ಕೈಹಿಡಿಯಲಿಲ್ಲ. ಇತ್ತ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ಮೊದಲಾದ ರ‍್ಯಾಲಿಗಳಲ್ಲಿ ಹಿಂದಿನ ಸೀಟನ್ನು ಕಿತ್ತು, ರೋಲ್ ಕೇಜು ಕೂರಿಸಿ, ಬೆನ್ನು ಬಾಗದ ಪೀಠಗಳಲ್ಲಿ ಕುಳಿತು ಓಡಿಸುವ ಸಂಪ್ರದಾಯ ಬೆಳೆದಿದೆ. ಅಲ್ಲಿ ಅದೇ ಸರಿ.

ಅಲ್ಲಿ ಸರಿಯಾದದ್ದು ರಸ್ತೆಯಲ್ಲಿ ಏಕೆ ಸರಿಯಲ್ಲವೆಂಬುದಕ್ಕೆ ಮುಖ್ಯ ಕಾರಣ ಸುರಕ್ಷತೆ. ಪಂದ್ಯದ ಪೀಠ, ಐದಾರು ಪಟ್ಟಿಗಳ ಹಾರ್ನೆಸ್ಸು, ತಲೆಗೆ ಹೆಲ್ಮೆಟ್ಟು, ಕತ್ತನ್ನು ಕಾಯುವ ಹ್ಯಾನ್ಸ್ ಸಾಧನ, ಸುತ್ತ ಉಕ್ಕಿನ ರೋಲ್ ಕೇಜು: ಇವೆಲ್ಲ ಸೇರಿ ಒಂದು ವ್ಯವಸ್ಥೆ. ಅದರಲ್ಲಿ ಒಂದನ್ನು ಮಾತ್ರ ಕಿತ್ತು ತಂದು ದಿನಬಳಕೆಯ ಕಾರಿಗೆ ಕೂರಿಸಿದರೆ ವ್ಯವಸ್ಥೆ ಮುರಿಯುತ್ತದೆ. ದಿನಬಳಕೆಯ ಕಾರಿನದೂ ಒಂದು ವ್ಯವಸ್ಥೆಯೇ. 1959ರಲ್ಲಿ ವೋಲ್ವೊದ ನಿಲ್ಸ್ ಬೋಲಿನ್ ರೂಪಿಸಿದ ಮೂರು ಬಿಂದುಗಳ ಬೆಲ್ಟು, 1990ರ ದಶಕದಲ್ಲಿ ಅದೇ ಕಂಪನಿ ಆಸನದ ಪಕ್ಕಕ್ಕೆ ಅಳವಡಿಸಿದ ಏರ್‌ಬ್ಯಾಗು, ಹಿಂದಿನಿಂದ ಗುದ್ದಿದಾಗ ಕತ್ತು ಉಳುಕದಂತೆ ಹಿಂದಕ್ಕೆ ಸರಿದು ತಾಳಿಕೊಳ್ಳುವ ಬೆನ್ನು, ಇವೆಲ್ಲ ಆಸನದೊಡನೆ ಹೊಂದಿಕೊಂಡು ದುಡಿಯುವ ರಕ್ಷಕರು. ಹೊರಗಿನ ಅಂಗಡಿಯಿಂದ ತಂದ ಹಗುರ ಪೀಠ ಈ ಹೊಂದಿಕೆಯನ್ನು ಕೆಡಿಸುತ್ತದೆ. ಅಂತರರಾಷ್ಟ್ರೀಯ ಮೋಟಾರು ಸಂಸ್ಥೆಯ 8855-1999 ಎಂಬ ಗುರುತು ಪಡೆದ ಪಂದ್ಯದ ಪೀಠಕ್ಕೆ ಐದೇ ವರ್ಷ ಆಯುಸ್ಸೆಂಬುದನ್ನು ಕೊಳ್ಳುವವರಲ್ಲಿ ಅನೇಕರು ಗಮನಿಸುವುದಿಲ್ಲ. ಕಾನೂನಿನ ಮಾತೂ ಇದೆ: ತಯಾರಕರು ನಿಗದಿಪಡಿಸಿದ ರೂಪಕ್ಕೆ ವಿರುದ್ಧವಾಗಿ ವಾಹನವನ್ನು ಬದಲಿಸಲಾಗದೆಂದು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣ ವಿಧಿಸುತ್ತದೆ. ಕಾರ್ಖಾನೆಯವರೇ ಪರೀಕ್ಷಿಸಿ ಕೊಡುವ ಹಗುರ ಆಸನಕ್ಕೆ ಈ ದೋಷಗಳು ತಟ್ಟುವುದಿಲ್ಲ; ಎರಡನ್ನೂ ಒಂದೇ ಎಂದು ಭಾವಿಸಬಾರದು.

ಇನ್ನು ನೆಲದ ಮಾತು. ಬೆಂಗಳೂರಿನಿಂದ ಪುಣೆಗೆ ಸಾಗುವ, ಹಿಂದೆ 4 ಎನಿಸಿ ಈಗ 48 ಎನಿಸಿರುವ ಹೆದ್ದಾರಿಯಲ್ಲಿ ಹಿರಿಯೂರು ದಾಟಿ ಚಿತ್ರದುರ್ಗ ಸೇರುವವರೆಗೆ ಯಾವ ಆಸನವಾದರೂ ನಡೆದೀತು. ಹೆದ್ದಾರಿ ಬಿಟ್ಟು ಹೊಳಲ್ಕೆರೆಯ ಕಡೆಗೆ ತಿರುಗಿ, ಅಡಿಕೆ ತೋಟಗಳ ನಡುವೆ ಊರಿಗೊಂದು ಹಂಪು ಹತ್ತಿಳಿದು ಹೊಸದುರ್ಗಕ್ಕೆ ಹೋಗುವಾಗ ಮಾತ್ರ ಬಾಗದ ಬೆನ್ನು, ತೆಳು ಮೆತ್ತೆ ತಮ್ಮ ಗುಣವನ್ನು ಬೆನ್ನುಮೂಳೆಗೆ ತಿಳಿಸುತ್ತವೆ. ಬೇಸಿಗೆಯ ಮಧ್ಯಾಹ್ನ ಬಿಸಿಲಿನಲ್ಲಿ ನಿಂತ ಕಾರಿನ ಕಪ್ಪು ಕಾರ್ಬನ್ನಿಗೆ ಕೈ ತಾಗಿದರೂ ಚುರುಕೆನ್ನುತ್ತದೆ.

ದುರಸ್ತಿಯ ವಿಚಾರವೂ ಸಣ್ಣದಲ್ಲ. ನಮ್ಮ ತಾಲ್ಲೂಕು ಕೇಂದ್ರಗಳ ಯಾವುದಾದರೊಂದು ಕುಷನ್ ವರ್ಕ್ಸ್ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಬೇಕು. ಬಂದ ಆಸನದಲ್ಲಿ ಕುಶಲಿಯು ಮೊದಲು ಒತ್ತಿ ನೋಡುವುದು ಚಾಲಕನ ಬಲಬದಿಯ ಉಬ್ಬಂಚನ್ನು. ಹತ್ತುವಾಗಲೂ ಇಳಿಯುವಾಗಲೂ ತೊಡೆ ಉಜ್ಜಿ ಉಜ್ಜಿ ಫೋಮು ಕುಸಿದು ಪುಡಿಯಾಗಿರುವುದು ಅಲ್ಲೇ. ಹೊಲಿಗೆ ಬಿಚ್ಚಿ, ಸತ್ತ ಫೋಮನ್ನು ಚಾಕುವಿನಿಂದ ಕೆತ್ತಿ ತೆಗೆದು, ಹೊಸ ತುಂಡನ್ನು ಅದೇ ವಕ್ರಕ್ಕೆ ಕೊಯ್ದು, ಸಲ್ಯೂಷನ್ ಹಚ್ಚಿ, ರೆಕ್ಸಿನ್ನನ್ನು ಎಳೆದು ಹೊಲಿದರೆ ಸಾಯಂಕಾಲದೊಳಗೆ ಆಸನ ಹೊಸದಾಗುತ್ತದೆ. ಆ ಕೈಗಳ ವಿದ್ಯೆಯ ಮುಂದೆ ನನಗೆ ನಿಜವಾದ ಗೌರವವಿದೆ. ಬಿರುಕುಬಿಟ್ಟ ಕಾರ್ಬನ್ ಚಿಪ್ಪಿಗೆ ಮಾತ್ರ ಆ ಸೂಜಿಯಿಂದ ಉಪಾಯವಿಲ್ಲ.

ಹೀಗಿರುವುದರಿಂದ, ಕೊಯಮತ್ತೂರಿನ ಕರಿ ಪಥಕ್ಕೋ ಚೆನ್ನೈ ಸಮೀಪದ ಇರುಂಗಾಟುಕೋಟೆಯ ಪಥಕ್ಕೋ ಆಗಾಗ ಕಾರು ಕೊಂಡೊಯ್ದು ಓಡಿಸುವವರು ಹಗುರ ಪೀಠವನ್ನೇ ಆರಿಸಲಿ. ಅದೂ ಕಾರ್ಖಾನೆಯವರು ಅಳವಡಿಸಿ ಕೊಟ್ಟದ್ದನ್ನೇ. ರಸ್ತೆಯಲ್ಲೇ ಬಾಳುವ ಕಾರಿಗೆ, ಪಕ್ಕೆಗಳಿಗೆ ಹಿಡಿತವುಳ್ಳ, ಹೊಂದಿಸಿಕೊಳ್ಳಬಹುದಾದ ಸಾಮಾನ್ಯ ಆಸನವೇ ತಕ್ಕುದು. ಉಳಿದ ಹಣವನ್ನು ಒಳ್ಳೆಯ ಟೈರುಗಳಿಗೆ ಹಾಕುವುದು ಉತ್ತಮ. ಕೊಳ್ಳುವ ಮೊದಲು ಷೋರೂಮಿನ ನುಣುಪು ನೆಲದ ಮೇಲೆ ಎರಡು ನಿಮಿಷ ಕುಳಿತು ತೀರ್ಮಾನಿಸಬೇಡಿರಿ. ಸಾಧ್ಯವಾದರೆ ಹಿರಿಯೂರಿನಿಂದ ಹೊರಟು ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗಗಳನ್ನು ಸುತ್ತಿ ಮರಳಿ ಹಿರಿಯೂರಿಗೆ ಬರುವವರೆಗೆ ಆ ಆಸನದಲ್ಲಿ ಕುಳಿತು ನೋಡಿರಿ. ಮನೆಯ ಹಿರಿಯರನ್ನೂ ಒಮ್ಮೆ ಹತ್ತಿಸಿ ಇಳಿಸಿರಿ. ಹಣ ಕೊಡುವ ಮಾತು ಆಮೇಲೆ.