ಹದಿಮೂರರ ಹುಡುಗ, ಹದಿನೇಳರ ಆಟ

ಕಳೆದ ದಸರಾ ರಜೆಯಲ್ಲಿ ಮಗಳು ಸಂಸಾರ ಸಮೇತ ನಮ್ಮ ಮನೆಗೆ ಬಂದಿದ್ದಳು. ಒಂದು ಸಂಜೆ ಕಾಫಿಯ ಹೊತ್ತಿಗೆ ಮನೆಯೊಳಗಿನ ವ್ಯಾಜ್ಯವೊಂದು ನನ್ನ ಮುಂದೆ ಬಂದಿತು. ವಾದಿ ನನ್ನ ಮೊಮ್ಮಗ. ವಯಸ್ಸು ಹದಿಮೂರು, ಎಂಟನೆಯ ತರಗತಿ. ಪ್ರತಿವಾದಿ ಅವನ ತಾಯಿ. ವ್ಯಾಜ್ಯದ ವಸ್ತು ‘ಗ್ರ್ಯಾಂಡ್ ಥೆಫ್ಟ್ ಆಟೋ 5’ ಎಂಬ ವೀಡಿಯೋ ಗೇಮ್. 2013ರಲ್ಲಿ ಹೊರಬಂದ ಈ ಆಟ 17 ವರ್ಷ ತುಂಬಿದವರಿಗೆ ಮಾತ್ರ ಎಂದು ಅಮೆರಿಕದ ಶ್ರೇಣಿ ಮಂಡಳಿಯೂ, 18 ತುಂಬಿದವರಿಗೆ ಎಂದು ಯುರೋಪಿನ ಮಂಡಳಿಯೂ ಗುರುತು ಹಾಕಿವೆ. “ನನ್ನ ಕ್ಲಾಸಲ್ಲಿ ಎಲ್ರೂ ಆಡ್ತಾರೆ ತಾತ” ಎಂಬುದು ವಾದಿಯ ಅಹವಾಲು. ಅಳಿಯಂದಿರು ಯಾವ ಪಕ್ಷಕ್ಕೂ ಸೇರದೆ ದಿನಪತ್ರಿಕೆಯ ಹಿಂದೆ ಮುಖ ಮರೆಸಿಕೊಂಡಿದ್ದರು. “ಅಪ್ಪಾ, ಮೂವತ್ತು ವರ್ಷಕ್ಕೂ ಮೇಲೆ ಇದೇ ವಯಸ್ಸಿನ ಮಕ್ಕಳಿಗೆ ಪಾಠ ಹೇಳಿದವರು ನೀವು. ನೀವೇ ತೀರ್ಮಾನ ಹೇಳಿ” ಎಂದು ಮಗಳು ಭಾರವನ್ನು ನನ್ನ ಹೆಗಲಿಗೆ ದಾಟಿಸಿದಳು.

ನಾನು ಇತಿಹಾಸದ ಮೇಷ್ಟರು. ಯಾವ ಪ್ರಶ್ನೆ ಕೇಳಿದರೂ ‘ಇದಕ್ಕೆ ಮೊದಲು ಏನಾಗಿತ್ತು?’ ಎಂದು ಹುಡುಕುವುದು ನಮ್ಮ ಕಸುಬಿನ ಚಟ. ಮೂರು ದಿನದ ವಾಯಿದೆ ಕೇಳಿದೆ. ಆ ಮೂರು ದಿನಗಳಲ್ಲಿ ಓದಿ ತಿಳಿದದ್ದನ್ನೂ, ಕೊನೆಗೆ ಕೊಟ್ಟ ತೀರ್ಪನ್ನೂ ಓದುಗ ಮಿತ್ರರ ಮುಂದೆ ಇಡುತ್ತಿದ್ದೇನೆ. ಈ ವ್ಯಾಜ್ಯ ಇಂದು ನಮ್ಮೊಬ್ಬರ ಮನೆಯದಲ್ಲವಷ್ಟೆ!

ಮಕ್ಕಳ ಆಟದ ಬಗ್ಗೆ ಹಿರಿಯರು ಹೆದರುವುದು ಹೊಸದೇನಲ್ಲ. 1942ರಲ್ಲಿ ನ್ಯೂಯಾರ್ಕ್ ನಗರದ ಮೇಯರ್ ಫಿಯೊರೆಲ್ಲೊ ಲಾ ಗಾರ್ಡಿಯಾ ಅವರು ‘ಪಿನ್‌ಬಾಲ್’ ಯಂತ್ರಗಳನ್ನು ನಿಷೇಧಿಸಿ, ವಶಪಡಿಸಿಕೊಂಡ ಯಂತ್ರಗಳನ್ನು ಸುತ್ತಿಗೆಯಿಂದ ಒಡೆದು ಛಾಯಾಚಿತ್ರ ತೆಗೆಸಿಕೊಂಡಿದ್ದರು. ಆ ಯಂತ್ರಗಳು ಜೂಜಿನ ಸಾಧನ, ಶಾಲಾ ಮಕ್ಕಳ ಚಿಲ್ಲರೆ ಕಾಸನ್ನು ಕದಿಯುತ್ತವೆ ಎಂಬುದು ಅವರ ಆರೋಪ. ಆ ನಿಷೇಧ ತೆರವಾದದ್ದು 1976ರಲ್ಲಿ. ಸ್ವಾರಸ್ಯವೆಂದರೆ ಅದೇ ವರ್ಷ ‘ಡೆತ್ ರೇಸ್’ ಎಂಬ ಆಟ ಬಂದಿತು. ಪರದೆಯ ಮೇಲೆ ಓಡುವ ಕಡ್ಡಿಯಂತಹ ಬೊಂಬೆಗಳ ಮೇಲೆ ಕಾರು ಹರಿಸಿದರೆ ಒಂದು ಚೀತ್ಕಾರ ಕೇಳಿಸಿ, ಬಿದ್ದ ಜಾಗದಲ್ಲಿ ಶಿಲುಬೆ ಮೂಡುತ್ತಿತ್ತು. ಅಮೆರಿಕದ ರಾಷ್ಟ್ರೀಯ ಸುರಕ್ಷತಾ ಮಂಡಳಿ ಅದನ್ನು ಖಂಡಿಸಿತು. ವೀಡಿಯೋ ಗೇಮಿನ ಹಿಂಸೆಯ ಕುರಿತು ಎದ್ದ ಮೊದಲ ದೊಡ್ಡ ಗದ್ದಲವದು. ಇಂದಿನ ಮಕ್ಕಳಿಗೆ ಆ ಕಡ್ಡಿ ಬೊಂಬೆಗಳನ್ನು ತೋರಿಸಿದರೆ ನಕ್ಕಾರು.

ಇವೆರಡರ ನಡುವೆ ನಡೆದ ಇನ್ನೊಂದು ಪ್ರಕರಣ ನನ್ನನ್ನು ಹೆಚ್ಚು ಕಾಡಿತು. 1954ರಲ್ಲಿ ಫ್ರೆಡ್ರಿಕ್ ವರ್ಥಮ್ ಎಂಬ ಮನೋವೈದ್ಯರು, ಅಪರಾಧ ಮತ್ತು ಭೀತಿಯ ಚಿತ್ರಕಥೆಗಳು, ಎಂದರೆ ಕಾಮಿಕ್ಸ್‌ಗಳು, ಮಕ್ಕಳನ್ನು ಅಪರಾಧಿಗಳಾಗಿಸುತ್ತಿವೆ ಎಂದು ಪುಸ್ತಕ ಬರೆದರು. ಅದೇ ವರ್ಷ ಅಮೆರಿಕದ ಸೆನೆಟ್ಟಿನ ಉಪಸಮಿತಿ ವಿಚಾರಣೆ ನಡೆಸಿತು. ಹೆದರಿದ ಪ್ರಕಾಶಕರು ತಾವೇ ಒಂದು ಸಂಹಿತೆ ರಚಿಸಿಕೊಂಡರು. ಹಲವು ಪತ್ರಿಕೆಗಳು ಮುಚ್ಚಿಹೋದವು. ವರ್ಥಮ್ ಕೆಟ್ಟವರೇನಲ್ಲ. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಬಡ ಕಪ್ಪು ಜನರಿಗಾಗಿ 1946ರಲ್ಲಿ ಮನೋಚಿಕಿತ್ಸಾಲಯ ತೆರೆದವರು; ಶಾಲೆಗಳಲ್ಲಿನ ವರ್ಣಭೇದದ ವಿರುದ್ಧ ನ್ಯಾಯಾಲಯದಲ್ಲಿ ಸಾಕ್ಷಿ ನುಡಿದವರು. ಆದರೆ ಅವರ ಖಾಸಗಿ ಕಾಗದಪತ್ರಗಳು 2010ರಲ್ಲಿ ಸಂಶೋಧಕರಿಗೆ ಮುಕ್ತವಾದ ಮೇಲೆ ಕ್ಯಾರಲ್ ಟಿಲ್ಲಿ ಎಂಬ ವಿದ್ವಾಂಸೆ ಅವನ್ನು ಪರಿಶೀಲಿಸಿ, ಮಕ್ಕಳ ಹೇಳಿಕೆಗಳನ್ನು ವರ್ಥಮ್ ತಮ್ಮ ವಾದಕ್ಕೆ ಒಗ್ಗುವಂತೆ ತಿದ್ದಿದ್ದರೆಂದು 2012ರಲ್ಲಿ ತೋರಿಸಿಕೊಟ್ಟರು. ಮಕ್ಕಳ ಹಿತವನ್ನೇ ಬಯಸಿದ ಮನುಷ್ಯ, ಮಕ್ಕಳು ಹೇಳಿದ್ದನ್ನು ಮಾತ್ರ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ.

ಇದನ್ನು ಓದುವಾಗ ನನ್ನದೇ ಒಂದು ತಪ್ಪು ನೆನಪಾಯಿತು. 1988ರ ಸುಮಾರು, ನಾನು ಆಗಷ್ಟೇ ಬಿ.ಎಡ್. ಮುಗಿಸಿ ಮೇಷ್ಟರಾದ ಹುರುಪಿನಲ್ಲಿದ್ದೆ. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಸಮಾಜ ಪಾಠಪುಸ್ತಕದೊಳಗೆ ಪತ್ತೇದಾರಿ ಕಾದಂಬರಿ ಬಚ್ಚಿಟ್ಟುಕೊಂಡು ಓದುತ್ತಿದ್ದ. ರಕ್ತ ಸೋರುವ ಚಾಕುವಿನ ಮುಖಪುಟ. ಕಸಿದುಕೊಂಡೆ. “ಸಾರ್, ಅದು ಬಾಡಿಗೆ ಪುಸ್ತಕ ಸಾರ್, ವಾಪಸ್ ಕೊಡಬೇಕು” ಎಂದು ಅವನು ಎರಡು ದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತ. “ಇಂಥದ್ದು ಓದಿದರೆ ಜೈಲಿಗೆ ಹೋಗ್ತೀಯ” ಎಂದು ಗದರಿಸಿ ಕಳಿಸಿದೆ. ಪುಸ್ತಕದ ಬೆಲೆ ತೀರಿಸಲು ಆತ ರಜಾದಿನಗಳಲ್ಲಿ ಆ ಅಂಗಡಿಯ ಕಸ ಗುಡಿಸಿದನೆಂದು ನನಗೆ ಗೊತ್ತಾದದ್ದು ವರ್ಷ ಕಳೆದ ಮೇಲೆ. ಆತ ಜೈಲಿಗೇನೂ ಹೋಗಲಿಲ್ಲ. ಆದರೆ ಅಂದಿನಿಂದ ನನ್ನ ತರಗತಿಯಲ್ಲಿ ಆತ ತಾನಾಗಿ ಬಾಯಿ ತೆರೆದದ್ದನ್ನು ನಾನು ಕಾಣಲಿಲ್ಲ.

ಇನ್ನು ಈ ವಯಸ್ಸಿನ ಗುರುತುಗಳು ಬಂದ ಬಗೆಯನ್ನು ನೋಡೋಣ. 1992ರಲ್ಲಿ ‘ಮಾರ್ಟಲ್ ಕಾಂಬ್ಯಾಟ್’ ಎಂಬ ಕಾಳಗದ ಆಟ ಬಂದಿತು. ಗೆದ್ದವನು ಸೋತವನ ತಲೆಯನ್ನು ಬೆನ್ನುಮೂಳೆಯ ಸಮೇತ ಕಿತ್ತೆತ್ತುವ ದೃಶ್ಯ ಅದರಲ್ಲಿತ್ತು. ಮರುವರ್ಷ ಅದು ಮನೆಯ ಟಿ.ವಿ.ಗೆ ಜೋಡಿಸುವ ಯಂತ್ರಗಳಿಗೂ ಬಂದಾಗ ನಿಂಟೆಂಡೊ ಕಂಪನಿ ರಕ್ತದ ಬದಲು ಬೆವರು ತೋರಿಸಿತು. ಸೆಗಾ ಕಂಪನಿ ಗುಪ್ತ ಸಂಕೇತವೊಂದನ್ನು ಒತ್ತಿದರೆ ರಕ್ತವೇ ಕಾಣುವಂತೆ ಮಾಡಿತು. ಹೆಚ್ಚು ಮಾರಾಟವಾದದ್ದು ಸೆಗಾದ್ದೇ. 1993ರ ಡಿಸೆಂಬರ್ 9ರಂದು ಸೆನೆಟರುಗಳಾದ ಜೋಸೆಫ್ ಲೀಬರ್‌ಮನ್ ಮತ್ತು ಹರ್ಬ್ ಕೋಲ್ ಈ ಕುರಿತು ಬಹಿರಂಗ ವಿಚಾರಣೆ ನಡೆಸಿದರು. ‘ನೀವೇ ಶ್ರೇಣಿ ಪದ್ಧತಿ ಮಾಡಿಕೊಳ್ಳಿ, ಇಲ್ಲವಾದರೆ ಸರ್ಕಾರ ಮಾಡುತ್ತದೆ’ ಎಂಬುದು ಅದರ ತಾತ್ಪರ್ಯ. ಅದರ ಮರುದಿನವೇ, ಡಿಸೆಂಬರ್ 10ರಂದು, ಬಂದೂಕು ಹಿಡಿದವನ ಕಣ್ಣಿನಿಂದಲೇ ಎಲ್ಲವನ್ನೂ ನೋಡುವ ‘ಡೂಮ್’ ಆಟ ಬಿಡುಗಡೆಯಾಯಿತು! 1994ರಲ್ಲಿ ಕಂಪನಿಗಳು ಒಗ್ಗೂಡಿ ಶ್ರೇಣಿ ಮಂಡಳಿಯೊಂದನ್ನು ಸ್ಥಾಪಿಸಿದವು. ಯುರೋಪಿನ ‘ಪೆಗಿ’ ಪದ್ಧತಿ 2003ರಲ್ಲಿ ಬಂದಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಅಮೆರಿಕದಲ್ಲಿ 17 ಎಂಬ ಗುರುತನ್ನು ಹಾಕಿದವರು ಸನ್ಯಾಸಿಗಳೂ ಅಲ್ಲ, ಸರ್ಕಾರವೂ ಅಲ್ಲ. ಆಟವನ್ನು ಮಾರಿ ಲಾಭ ಪಡೆಯುವ ಉದ್ಯಮವೇ ಕಟ್ಟಿಕೊಂಡ ಸಂಸ್ಥೆ. ಮಾರುವವನೇ ‘ಇದು ನಿಮ್ಮ ಮಗುವಿಗಲ್ಲ’ ಎನ್ನುವಾಗ ಕೊಳ್ಳುವವನು ಒಂದು ಕ್ಷಣ ನಿಲ್ಲಬೇಕಲ್ಲವೇ?

1999ರ ಏಪ್ರಿಲ್ 20ರಂದು ಅಮೆರಿಕದ ಕೊಲಂಬೈನ್ ಪ್ರೌಢಶಾಲೆಯಲ್ಲಿ ಇಬ್ಬರು ವಿದ್ಯಾರ್ಥಿಗಳು ಗುಂಡು ಹಾರಿಸಿದಾಗ, ಹನ್ನೆರಡು ವಿದ್ಯಾರ್ಥಿಗಳೂ ಒಬ್ಬ ಉಪಾಧ್ಯಾಯರೂ ಪ್ರಾಣ ಕಳೆದುಕೊಂಡರು. ಕೊಂದ ಹುಡುಗರು ‘ಡೂಮ್’ ಆಡುತ್ತಿದ್ದರೆಂದು ತಿಳಿದು ಜಗತ್ತೇ ಆಟದ ಕಡೆ ಬೆರಳು ಮಾಡಿತು. ಆದರೆ ಅಲ್ಲಿನ ಸೀಕ್ರೆಟ್ ಸರ್ವಿಸ್ ಮತ್ತು ಶಿಕ್ಷಣ ಇಲಾಖೆ ಜೊತೆಗೂಡಿ, ಶಾಲೆಗಳಲ್ಲಿ ನಡೆದಿದ್ದ ಇಂತಹ 37 ಪ್ರಕರಣಗಳನ್ನು ಪರಿಶೀಲಿಸಿ 2002ರಲ್ಲಿ ವರದಿ ನೀಡಿದವು. ಹಿಂಸಾತ್ಮಕ ವೀಡಿಯೋ ಗೇಮುಗಳಲ್ಲಿ ಆಸಕ್ತಿ ತೋರಿದ್ದವರು ದಾಳಿಕೋರರಲ್ಲಿ ಶೇ. 12 ಮಾತ್ರ. ಹಿಂಸೆಯನ್ನು ತಮ್ಮದೇ ಬರಹಗಳಲ್ಲಿ ತೋಡಿಕೊಂಡವರು ಶೇ. 37. ಆ ಮಕ್ಕಳು ಕವಿತೆ, ಪ್ರಬಂಧ, ದಿನಚರಿಗಳಲ್ಲಿ ಬರೆದಿಟ್ಟಿದ್ದರು. ಉಪಾಧ್ಯಾಯನಾಗಿದ್ದ ನನ್ನನ್ನು ಈ ಎರಡನೆಯ ಅಂಕಿ ಚುಚ್ಚಿತು. ಪ್ರಬಂಧದ ಕಾಗುಣಿತ ತಿದ್ದುವ ಭರದಲ್ಲಿ ನಾನೆಷ್ಟು ಮಕ್ಕಳ ಮನಸ್ಸನ್ನು ಓದದೆ ಬಿಟ್ಟೆನೋ!

ಹಾಗಾದರೆ ಈ ಆಟಗಳು ನಿರಪಾಯವೇ? ಬಿ.ಎಡ್. ಓದುವಾಗ ಆಲ್ಬರ್ಟ್ ಬಂಡೂರಾ ಅವರ 1961ರ ಪ್ರಯೋಗವನ್ನು ಬಾಯಿಪಾಠ ಮಾಡಿದ್ದೆವು. ದೊಡ್ಡವರು ಬೊಂಬೆಯನ್ನು ಹೊಡೆಯುವುದನ್ನು ಕಂಡ ಮಕ್ಕಳು ತಾವೂ ಹಾಗೆಯೇ ಹೊಡೆದರು. ಆದರೆ ಬೊಂಬೆಯನ್ನು ಹೊಡೆಯುವುದಕ್ಕೂ ಮನುಷ್ಯನನ್ನು ಹೊಡೆಯುವುದಕ್ಕೂ ನಡುವಿನ ದೂರ ದೊಡ್ಡದು. ವಿದ್ವಾಂಸರಲ್ಲೂ ಒಮ್ಮತವಿಲ್ಲ. ಅಮೆರಿಕದ ಮನೋವಿಜ್ಞಾನ ಸಂಘವು 2020ರಲ್ಲಿ ಹೇಳಿದ್ದು ಹೀಗೆ: ಕೂಗಾಟ, ತಳ್ಳಾಟದಂತಹ ವರ್ತನೆಗಳೊಂದಿಗೆ ಇಂತಹ ಆಟಗಳಿಗೆ ಸಣ್ಣ ಸಂಬಂಧ ಕಾಣುತ್ತದೆ, ಆದರೆ ಕೊಲೆ, ಹಲ್ಲೆಗಳಿಗೆ ಇವೇ ಕಾರಣವೆನ್ನಲು ಸಾಕಷ್ಟು ಆಧಾರವಿಲ್ಲ. ಸುಮಾರು ಒಂದು ಸಾವಿರ ಬ್ರಿಟಿಷ್ ಹದಿಹರೆಯದವರನ್ನು ಕುರಿತ ಆಕ್ಸ್‌ಫರ್ಡ್ ಸಂಶೋಧಕರ 2019ರ ಅಧ್ಯಯನವು ಆ ಸಣ್ಣ ಸಂಬಂಧವನ್ನೂ ಕಾಣಲಿಲ್ಲ.

ಕೊನೆಗೆ ಈ ವ್ಯಾಜ್ಯ ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. 18 ವರ್ಷದೊಳಗಿನವರಿಗೆ ಅತಿಹಿಂಸೆಯ ಆಟಗಳನ್ನು ಮಾರಬಾರದೆಂದು ಕ್ಯಾಲಿಫೋರ್ನಿಯಾ 2005ರಲ್ಲಿ ಕಾನೂನು ಮಾಡಿತ್ತು. 2011ರ ಜೂನ್ 27ರಂದು ಏಳು ನ್ಯಾಯಮೂರ್ತಿಗಳು ಅದನ್ನು ರದ್ದುಪಡಿಸಿದರು. ಇಬ್ಬರು ಭಿನ್ನಮತ ಬರೆದರು. ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಸ್ಕಾಲಿಯಾ, ಗ್ರಿಮ್ ಸಹೋದರರ ಮಕ್ಕಳ ಕಥೆಗಳಲ್ಲೂ ಹೋಮರನ ಕಾವ್ಯದಲ್ಲೂ ಕ್ರೌರ್ಯಕ್ಕೆ ಬರವಿಲ್ಲವೆಂದು ನೆನಪಿಸಿದರು. ನಮಗೂ ಇದು ಒಪ್ಪುವ ಮಾತೇ. ಭೀಮನು ದುಶ್ಶಾಸನನ ಎದೆ ಬಗೆಯುವುದನ್ನು ನಾವು ಬಯಲಾಟದಲ್ಲಿ ಕಣ್ಣು ಮಿಟುಕಿಸದೆ ನೋಡಿ ಬೆಳೆದವರಲ್ಲವೇ? ಭಿನ್ನಮತದ ನ್ಯಾಯಮೂರ್ತಿ ಬ್ರೇಯರ್ ಬೇರೊಂದು ಪ್ರಶ್ನೆ ಎತ್ತಿದರು. ಹದಿಮೂರರ ಹುಡುಗನಿಗೆ ನಗ್ನಚಿತ್ರದ ಪತ್ರಿಕೆ ಮಾರುವುದನ್ನು ತಡೆಯಬಹುದಾದರೆ, ಆಟದಲ್ಲಿ ಹೆಂಗಸೊಬ್ಬಳನ್ನು ಕಟ್ಟಿಹಾಕಿ ಹಿಂಸಿಸಿ ಕೊಲ್ಲುವುದನ್ನು ಮಾರುವುದು ಹೇಗೆ ಸರಿ ಎಂಬುದು ಅವರ ಆಕ್ಷೇಪ. ಕಾನೂನು ಬಿದ್ದುಹೋಯಿತಾದರೂ ಅಂಗಡಿಗಳ ಸ್ವಯಂ ನಿಯಂತ್ರಣ ಕೆಲಸ ಮಾಡಿತ್ತು. ಅಲ್ಲಿನ ವ್ಯಾಪಾರ ಆಯೋಗ ಅಪ್ರಾಪ್ತ ವಯಸ್ಕರನ್ನೇ ಗುಟ್ಟಾಗಿ ಅಂಗಡಿಗೆ ಕಳಿಸಿ ಪರೀಕ್ಷಿಸಿದಾಗ, ದೊಡ್ಡವರ ಆಟ ಕೊಳ್ಳಲು ಸಾಧ್ಯವಾದದ್ದು 2000ರಲ್ಲಿ ಶೇ. 85 ಮಂದಿಗೆ, 2011ರಲ್ಲಿ ಶೇ. 13 ಮಂದಿಗೆ ಮಾತ್ರ.

ನಮ್ಮ ದೇಶದ ಕಥೆ ಬೇರೆ. ಚಲನಚಿತ್ರಕ್ಕೆ 1952ರ ಕಾಯ್ದೆಯ ಪ್ರಕಾರ ‘ಎ’ ಪ್ರಮಾಣಪತ್ರವಿದೆ. ಟಾಕೀಸಿನ ಬಾಗಿಲಲ್ಲಿ ತಡೆಯುವವನೂ ಇರುತ್ತಾನೆ. ಮನೆಯ ಕಂಪ್ಯೂಟರಿಗೆ, ಮೊಬೈಲಿಗೆ ಬಾಗಿಲೂ ಇಲ್ಲ, ಕಾವಲುಗಾರನೂ ಇಲ್ಲ. 2019ರ ಮಾರ್ಚಿಯಲ್ಲಿ ಗುಜರಾತಿನ ರಾಜಕೋಟ್ ಪೊಲೀಸರು ‘ಪಬ್‌ಜಿ’ ಆಟವನ್ನು ನಿಷೇಧಿಸಿ, ಆಡುತ್ತಿದ್ದ ಯುವಕರನ್ನು ಬಂಧಿಸಿದರು. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರವೇ ‘ಪಬ್‌ಜಿ ಮೊಬೈಲ್’ ಸೇರಿದಂತೆ 118 ಆ್ಯಪ್‌ಗಳನ್ನು ನಿಷೇಧಿಸಿತು. ಅದಕ್ಕೆ ಕೊಟ್ಟ ಕಾರಣ ದೇಶದ ಭದ್ರತೆ. ಮಕ್ಕಳ ಮನಸ್ಸಿನ ಪ್ರಸ್ತಾಪವಲ್ಲ. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಮಾತ್ರ 2014ರಲ್ಲೇ ‘ಶಟ್ ಕ್ಲಿನಿಕ್’ ತೆರೆದು, ಮೊಬೈಲು ಮತ್ತು ಆಟಗಳಿಂದ ಹೊರಬರಲಾರದ ಮಕ್ಕಳ ತಂದೆತಾಯಿಯರ ಅಳಲನ್ನು ಆಲಿಸತೊಡಗಿತ್ತು.

ಮೂರನೆಯ ಸಂಜೆ ಮೊಮ್ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡೆ. “ಆಟದಲ್ಲಿ ಏನಿದೆ, ನೀನೇ ಹೇಳು” ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿಜ ಹೇಳಿದ್ರೆ ಬೈತೀರಾ ತಾತ?” ಎಂದ. ಇಲ್ಲವೆಂದೆ. ಗೆಳೆಯನ ಮನೆಯಲ್ಲಿ ಎರಡು ಸಲ ಆಡಿದ್ದನಂತೆ. ಕಾರು ಓಡಿಸುವುದು, ಸಮುದ್ರದಂಡೆ, ವಿಮಾನ ಎಲ್ಲ ಚೆನ್ನಾಗಿತ್ತು. ಆದರೆ ಕುರ್ಚಿಗೆ ಕಟ್ಟಿದ ಮನುಷ್ಯನಿಗೆ ಚಿತ್ರಹಿಂಸೆ ಕೊಡಬೇಕಾದ ಒಂದು ಭಾಗದಲ್ಲಿ, ಯಾವ ಉಪಕರಣ ಬಳಸಬೇಕೆಂದು ಆಡುವವನೇ ಆರಿಸಬೇಕಿತ್ತು. “ಅವನು ಆರಿಸ್ತಾ ನಗ್ತಿದ್ದ. ನಾನೂ ನಕ್ಕೆ. ಮನೆಗೆ ಬಂದ್ಮೇಲೆ ಒಂಥರಾ ಆಯ್ತು” ಎಂದ.

ಆ ಕ್ಷಣ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದ ಹುಡುಗ ಕಣ್ಣ ಮುಂದೆ ಬಂದ. ಗದರಿಸಿದ್ದರೆ ಇವನೂ ಇನ್ನು ನನ್ನ ಮುಂದೆ ಬಾಯಿ ತೆರೆಯುತ್ತಿರಲಿಲ್ಲ. ನನಗೆ ಬೇಕಾಗಿದ್ದ ಉತ್ತರವನ್ನೂ ಅವನೇ ಕೊಟ್ಟಿದ್ದ. ಬಯಲಾಟದಲ್ಲಿ ಎದೆ ಬಗೆಯುವವನು ಭೀಮ, ನೋಡುವವರು ನಾವು. ಮುಂದೆ ಕುಳಿತ ಹಿರಿಯರು ದ್ರೌಪದಿಯ ಶಪಥದ ಹಿನ್ನೆಲೆ ಹೇಳುತ್ತಿದ್ದರು. ಇಲ್ಲಿ ಆರಿಸುವ ಬೆರಳು ಹುಡುಗನದೇ. ಹಿನ್ನೆಲೆ ಹೇಳುವವರು ಯಾರೂ ಇಲ್ಲ. ಆ ಭಾಗದಲ್ಲಿ ವ್ಯಂಗ್ಯವಿದೆಯೆಂದು ದೊಡ್ಡವರು ವಾದಿಸಬಹುದು. ಅದು ವ್ಯಂಗ್ಯವೆಂದು ಅರಿಯುವಷ್ಟು ಲೋಕವನ್ನು ಹದಿಮೂರರ ಹುಡುಗ ಇನ್ನೂ ಕಂಡಿಲ್ಲ. ಅವನು ಕೊಲೆಗಾರನಾದಾನೆಂಬ ಭಯ ನನಗಿಲ್ಲ. ಆ ‘ಒಂಥರಾ’ ಎನ್ನುವ ಭಾವ ಅವನಲ್ಲಿ ಬೇಗ ಸವೆದುಹೋಗಬಾರದು ಎಂಬುದಷ್ಟೇ ನನ್ನ ಆಸೆ.

ತೀರ್ಪು ಹೇಳಿದೆ. ಆ ಆಟ ಈಗ ಬೇಡ. ಹದಿನಾರು ತುಂಬಿದಾಗ ಮತ್ತೆ ಮೊಕದ್ದಮೆ ಹೂಡಬಹುದು. ಅವನ ವಯಸ್ಸಿಗೆ ಗುರುತಾದ ಆಟಗಳನ್ನು ನಡುಮನೆಯಲ್ಲಿ, ಬಾಗಿಲು ತೆರೆದಿಟ್ಟು ಆಡಬಹುದು. ಗೆಳೆಯನ ಮನೆಯ ವಿಷಯವನ್ನು ತಾನಾಗಿ ಹೇಳಿದ್ದಕ್ಕೆ ಯಾರೂ ಬೈಯಕೂಡದು. ಇನ್ನು ಪತ್ರಿಕೆಯ ಹಿಂದೆ ಅಡಗಿದ್ದ ಅಳಿಯಂದಿರು ವಾರಕ್ಕೆ ಒಂದು ಗಂಟೆ ಮಗನ ಜೊತೆ ಕುಳಿತು ತಾವೂ ಆಡತಕ್ಕದ್ದು!

ಮಗಳಿಗೆ ಸಮಾಧಾನವಾಯಿತು, ಅಳಿಯಂದಿರು ನಕ್ಕರು. ಮೊಮ್ಮಗ ಮಾತ್ರ ಮುಖ ಸಣ್ಣದು ಮಾಡಿಕೊಂಡು, “ಹದಿನಾರಾಗೋ ಹೊತ್ತಿಗೆ ಆ ಆಟವೇ ಹಳೇದಾಗಿರುತ್ತೆ ತಾತ” ಎಂದ. ಅವನ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಎಂದಿನಂತೆ ನನ್ನ ಜೊತೆ ಹೂವು ಕೊಯ್ಯಲು ಬಂದ, ದಾರಿಯುದ್ದಕ್ಕೂ ಶಾಲೆಯ ಕಥೆ ಹೇಳುತ್ತಿದ್ದ. ನನಗೆ ಅಷ್ಟು ಸಾಕಾಗಿತ್ತು.

ನಿಮ್ಮ ಮನೆಯಲ್ಲೂ ಇಂತಹ ವ್ಯಾಜ್ಯ ನಡೆದಿರಬಹುದು. ನೀವೇನು ತೀರ್ಪು ಕೊಟ್ಟಿರಿ? ಕೊಡುವ ಮೊದಲು ಮಗುವಿನ ಅಹವಾಲನ್ನು ಪೂರ್ತಿ ಕೇಳಿದಿರಾ? ತಿಳಿಸಿದರೆ ಈ ಮುದಿ ಮೇಷ್ಟರೂ ಕಲಿಯುತ್ತಾರೆ.