ದೂರದ ಆಸ್ಪತ್ರೆ, ಹತ್ತಿರದ ಸಭೆ: ಬೀದರ್ ಸೀಮೆಯಲ್ಲಿ ಮನೋವ್ಯಾಧಿಗಳ ತಿಳಿವಳಿಕೆ

ಪೀಠಿಕೆ

ಮನೋವ್ಯಾಧಿಗಳ ಚರಿತ್ರೆಯನ್ನು ಬರೆಯುವವರು ಬಹುಮಟ್ಟಿಗೆ ಆಸ್ಪತ್ರೆಗಳ ಚರಿತ್ರೆಯನ್ನೇ ಬರೆದಿದ್ದಾರೆ. ಅಂಥ ಆಸ್ಪತ್ರೆಯೇ ಇಲ್ಲದಿದ್ದ ಸೀಮೆಯ ಚರಿತ್ರೆಯನ್ನು ಹೀಗೆ ಬರೆಯಲಾಗದು. ಬೀದರ್ ನಗರ, ಭಾಲ್ಕಿ ಮತ್ತು ಔರಾದ್ ತಾಲೂಕುಗಳ ಜನರಿಗೆ ಮನಸ್ಸಿನ ಚಿಕಿತ್ಸೆ ಬಹುಕಾಲ ದೂರದ ಊರಿನ ಮಾತಾಗಿತ್ತು. ಹತ್ತಿರವಿದ್ದವು ದೇವಸ್ಥಾನ, ದರ್ಗಾ ಮತ್ತು ಸಭೆ. ಈ ದೂರವು ಜನರ ತಿಳಿವಳಿಕೆಯನ್ನು ಹೇಗೆ ರೂಪಿಸಿತು, ದೂರ ಕಡಿಮೆಯಾಗಿರುವ ಇಂದು ಸಭಾಪಾಲಕರ ಹೊಣೆ ಹೇಗೆ ಬದಲಾಗಿದೆ ಎಂಬುದು ಈ ಲೇಖನದ ವಿಷಯ.

ಜಾಲ್ನಾ, ಎರ್ರಗಡ್ಡ, ಧಾರವಾಡ

1956ರ ನವೆಂಬರ್ 1ರವರೆಗೆ ಬೀದರ್ ಹೈದರಾಬಾದ್ ರಾಜ್ಯದ ಭಾಗವಾಗಿತ್ತು. ನಿಜಾಮರ ಆಳ್ವಿಕೆಯಲ್ಲಿ ಆ ರಾಜ್ಯದ ಮನೋರೋಗಾಸ್ಪತ್ರೆ ಮರಾಠವಾಡದ ಜಾಲ್ನಾದಲ್ಲಿತ್ತು. 1953ರಲ್ಲಿ ಅದು ಹೈದರಾಬಾದಿನ ಎರ್ರಗಡ್ಡಕ್ಕೆ ಸ್ಥಳಾಂತರಗೊಂಡಿತು. ಬೀದರಿಗೆ ಹೈದರಾಬಾದು ಸುಮಾರು 140 ಕಿಲೋಮೀಟರ್. ಆದರೆ ಮೂರೇ ವರ್ಷಗಳಲ್ಲಿ ರಾಜ್ಯದ ಗಡಿ ಬದಲಾಯಿತು. ಮೈಸೂರು ರಾಜ್ಯಕ್ಕೆ ಸೇರಿದ ಬೀದರಿಗೆ ತನ್ನ ಸರ್ಕಾರದ ಮನೋರೋಗಾಸ್ಪತ್ರೆಗಳು ಈಗ ಧಾರವಾಡದಲ್ಲಿ ಮತ್ತು ಸುಮಾರು 700 ಕಿಲೋಮೀಟರ್ ಆಚೆಗಿನ ಬೆಂಗಳೂರಿನಲ್ಲಿದ್ದವು. ಧಾರವಾಡದ ಆಸ್ಪತ್ರೆ 1845ರಷ್ಟು ಹಳೆಯದು; ಬೆಂಗಳೂರಿನದು 1847ರಲ್ಲಿ ಆರಂಭವಾಗಿ, 1925ರಲ್ಲಿ ಮಾನಸಿಕ ಆಸ್ಪತ್ರೆಯೆಂಬ ಹೆಸರು ಪಡೆದು, 1974ರಲ್ಲಿ ನಿಮ್ಹಾನ್ಸ್ ಆಯಿತು. ಎರಡೂ ಕೀರ್ತಿಯ ಸಂಸ್ಥೆಗಳೇ. ಔರಾದಿನ ಒಕ್ಕಲಿಗನಿಗೆ ಅವು ಬೇರೊಂದು ದೇಶದಲ್ಲಿದ್ದಂತೆ.

ದೂರವು ನೆಲದ ದೂರ ಮಾತ್ರವಾಗಿರಲಿಲ್ಲ, ಕಾನೂನಿನದೂ ಆಗಿತ್ತು. ಬ್ರಿಟಿಷ್ ಭಾರತದ 1912ರ ಕಾಯಿದೆಯು ಮುಖ್ಯವಾಗಿ ಕಂಡದ್ದು ಹತೋಟಿ ತಪ್ಪಿದ ಹುಚ್ಚನ್ನು. ಮ್ಯಾಜಿಸ್ಟ್ರೇಟರ ಆದೇಶವೇ ಆಸ್ಪತ್ರೆಯ ಮುಖ್ಯ ಬಾಗಿಲಾಗಿತ್ತು. 1987ರ ಕಾಯಿದೆ 1993ರಲ್ಲಿ ಜಾರಿಗೆ ಬರುವವರೆಗೂ ಈ ದೃಷ್ಟಿಯೇ ದೇಶದಲ್ಲಿ ಉಳಿದಿತ್ತು. ಇದರಿಂದ ಜನಮನದಲ್ಲಿ ಒಂದು ಸಮೀಕರಣ ಬೇರೂರಿತು: ಮನಸ್ಸಿನ ಕಾಯಿಲೆಯೆಂದರೆ ಹುಚ್ಚು, ಹುಚ್ಚೆಂದರೆ ಸರಪಳಿ ಅಥವಾ ದೂರದ ಗೋಡೆ. ಇವೆರಡರ ನಡುವೆ ಸದ್ದಿಲ್ಲದೆ ನರಳುವ ಬಹುಸಂಖ್ಯಾತರಿಗೆ ಹೆಸರೂ ಇರಲಿಲ್ಲ, ಬಾಗಿಲೂ ಇರಲಿಲ್ಲ.

ಹೆಸರಿಲ್ಲದ ವ್ಯಾಧಿಗಳು

ಈ ಬಹುಸಂಖ್ಯಾತರ ವ್ಯಾಧಿಗಳನ್ನೇ ವೈದ್ಯಶಾಸ್ತ್ರ ಸಾಮಾನ್ಯ ಮನೋವ್ಯಾಧಿಗಳೆಂದು ಕರೆಯುತ್ತದೆ. ಇವುಗಳಲ್ಲಿ ಪ್ರಮುಖವಾದವು ಖಿನ್ನತೆ ಮತ್ತು ಆತಂಕ. ಖಿನ್ನತೆಯು ಸಾಧಾರಣ ದುಃಖವಲ್ಲ. ಕನಿಷ್ಠ ಎರಡು ವಾರಗಳ ಕಾಲ ದಿನದ ಬಹುಭಾಗ ಮನಸ್ಸು ಕುಗ್ಗಿರುವುದು, ಹಿಂದೆ ಹಿಗ್ಗು ತಂದ ಯಾವುದರಲ್ಲೂ ಆಸಕ್ತಿ ಉಳಿಯದಿರುವುದು, ನಿದ್ರೆ ಮತ್ತು ಹಸಿವು ಕೆಡುವುದು, ದಣಿವು, ಏಕಾಗ್ರತೆಯ ಕೊರತೆ, ತಾನು ನಿಷ್ಪ್ರಯೋಜಕನೆಂಬ ಅಥವಾ ಅಪರಾಧಿಯೆಂಬ ಭಾವ, ಸಾವಿನ ಯೋಚನೆ: ಇವು ಅದರ ಲಕ್ಷಣಗಳು. ಆತಂಕದ ವ್ಯಾಧಿಯಲ್ಲಿ ತಿಂಗಳುಗಟ್ಟಲೆ ಹಿಡಿತಕ್ಕೆ ಬಾರದ ಚಿಂತೆ, ಸ್ನಾಯುಗಳ ಬಿಗಿತ, ಚಡಪಡಿಕೆ ಇರುತ್ತವೆ. ಕೆಲವರಿಗೆ ಎದೆ ಡವಗುಟ್ಟಿ, ಉಸಿರು ಕಟ್ಟಿ, ಸತ್ತೇಹೋದೆನೆಂಬ ಭೀತಿ ನಿಮಿಷಗಳಲ್ಲಿ ಉತ್ತುಂಗಕ್ಕೇರಿ ಇಳಿಯುತ್ತದೆ. ಇಲ್ಲದ ಧ್ವನಿಗಳು ಕೇಳಿಸುವ, ವಾಸ್ತವದ ಅರಿವು ತಪ್ಪುವ ಸ್ಕಿಜೋಫ್ರೇನಿಯಾದಂಥ ತೀವ್ರ ವ್ಯಾಧಿಗಳು ಇವುಗಳಿಂದ ಭಿನ್ನ.

ಸಾಮಾನ್ಯ ವ್ಯಾಧಿಗಳು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರುವುದು ಹೆಚ್ಚಾಗಿ ದೇಹದ ವೇಷದಲ್ಲಿ: ತಲೆನೋವು, ಮೈಕೈ ನೋವು, ಹೊಟ್ಟೆಯ ಉರಿ, ನಿಶ್ಶಕ್ತಿ. ಕನ್ನಡ, ಮರಾಠಿ, ತೆಲುಗು, ಉರ್ದು ಬೆರೆತ ಈ ಸೀಮೆಯಲ್ಲಿ ಒಂದು ಮನೆಯವರು ಗಾಬರಿ ಎಂದದ್ದನ್ನು ಪಕ್ಕದ ಮನೆಯವರು ಘಬ್ರಾಹಟ್ ಎನ್ನುತ್ತಾರೆ. ಮರಾಠಿಯಲ್ಲಿ ಕಾಳಜಿ ಎಂಬ ಒಂದೇ ಮಾತು ಚಿಂತೆಗೂ ಆರೈಕೆಗೂ ಸಲ್ಲುತ್ತದೆ. ಆದ್ದರಿಂದ ಪಾಲಕನು ವೈದ್ಯಕೀಯ ಪದಕ್ಕಾಗಿ ಕಾಯದೆ, ಜನರು ಬಳಸುವ ಮಾತಿನಲ್ಲೇ ವ್ಯಾಧಿಯ ಸುಳಿವನ್ನು ಹಿಡಿಯಬೇಕು.

ಕಾರಣಗಳು ಒಂದಲ್ಲ. ವಂಶದ ಒಲವು ಮತ್ತು ಮಿದುಳಿನ ರಾಸಾಯನಿಕ ವ್ಯವಸ್ಥೆಯ ವ್ಯತ್ಯಾಸ, ಹೆರಿಗೆಯ ನಂತರದ ಬದಲಾವಣೆ, ದೀರ್ಘಕಾಲದ ಕಾಯಿಲೆ, ಅಗಲಿಕೆ, ಮದ್ಯ, ಮನೆಯೊಳಗಿನ ಹಿಂಸೆ, ಸಾಲ, ಜಾತಿಯ ಅವಮಾನ ಇವೆಲ್ಲ ಹೆಣೆದುಕೊಳ್ಳುತ್ತವೆ. ಮಳೆಯನ್ನೇ ನಂಬಿದ ಬೇಸಾಯದ ಸೀಮೆಯಲ್ಲಿ ಸಾಲ ಮತ್ತು ಬರವನ್ನು ಬದಿಗಿಟ್ಟು ಮನಸ್ಸಿನ ವಿಚಾರ ಆಡಲಾಗದು.

ಚರಿತ್ರೆಯ ಗಾಯವನ್ನೂ ಈ ಕಾರಣಗಳ ಜೊತೆಗೆ ಎಣಿಸಬೇಕು. 1948ರಲ್ಲಿ ಬೀದರ್ ಜಿಲ್ಲೆ ಎರಡು ಬಗೆಯ ಹಿಂಸೆಯನ್ನು ಕಂಡಿತು. ಮೊದಲು ರಜಾಕಾರರ ದಾಳಿ. ಗೋರ್ಟಾ ಗ್ರಾಮದ ಹೆಸರು ಇಂದಿಗೂ ಅದರ ನೆನಪನ್ನು ಹೊತ್ತಿದೆ. ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ತರುವಾಯ ಮುಸ್ಲಿಮರ ಮೇಲೆ ನಡೆದ ಹಿಂಸೆ. ಪಂಡಿತ್ ಸುಂದರಲಾಲರ ಸಮಿತಿಯು ಅತಿ ಹೆಚ್ಚು ನೊಂದ ಜಿಲ್ಲೆಗಳೊಂದಿಗೆ ಬೀದರನ್ನು ಹೆಸರಿಸಿತು. ಸತ್ತವರ ಲೆಕ್ಕವನ್ನು ಹಾಕಲು ಯತ್ನಿಸಿದವರಿದ್ದಾರೆ. ಬದುಕುಳಿದವರ ಬೆಚ್ಚುವ ರಾತ್ರಿಗಳಿಗೆ ಆ ಕಾಲದಲ್ಲಿ ಹೆಸರಿರಲಿಲ್ಲ. ಇಂಥ ಭೀತಿ ಮಾತಾಗದೆ ಮನೆಯೊಳಗೆ ಮುಂದುವರಿಯಬಲ್ಲದೆಂದು ಇಂದಿನ ಮನೋವಿಜ್ಞಾನ ಬಲ್ಲದು.

ಪ್ರಾರ್ಥನೆಯ ಬಾಗಿಲು

ಹೆಸರಿಲ್ಲದ ನೋವು ನಂಬಿಕೆಯ ಸ್ಥಳಗಳಿಗೆ ಹೋದದ್ದು ಸಹಜ. ದೆವ್ವ ಹಿಡಿದವರೆಂದು ಭಾವಿಸಲಾದವರನ್ನು ಕಲಬುರಗಿ ಜಿಲ್ಲೆಯ ಗಾಣಗಾಪುರಕ್ಕೆ ಕರೆದೊಯ್ಯುವ ವಾಡಿಕೆ ಹಳೆಯದು. ಕ್ರೈಸ್ತ ಕುಟುಂಬಗಳು ಉಪವಾಸ ಪ್ರಾರ್ಥನೆಗೂ ಸ್ವಸ್ಥತೆಯ ಕೂಟಗಳಿಗೂ ಹೋದವು. ಬೇರೆ ಬಾಗಿಲು ಇಲ್ಲದವರನ್ನು ಇದಕ್ಕಾಗಿ ಹಳಿಯುವುದು ನ್ಯಾಯವಲ್ಲ. ಆದರೆ ನಂಬಿಕೆಯ ಸ್ಥಳವೇ ಸೆರೆಯಾಗಬಲ್ಲದೆಂಬುದಕ್ಕೂ ಚರಿತ್ರೆ ಸಾಕ್ಷಿ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾವನ್ನು ನಂಬಿ ಬಂದವರನ್ನು ಇರಿಸಿದ್ದ ಆಶ್ರಯಧಾಮಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ 28 ಮಂದಿ ಸತ್ತರು. ಇದನ್ನು ಇನ್ನೊಂದು ಧರ್ಮದವರ ದೋಷವೆಂದು ಓದುವುದು ಸುಲಭ. ನಮ್ಮ ಪ್ರಾರ್ಥನಾ ಮಂದಿರಗಳಲ್ಲಿ ಔಷಧಿ ಬಿಡಿಸಿ ಕೂರಿಸಲಾದವರನ್ನು ನೆನೆದು ಓದುವುದೇ ಪ್ರಾಮಾಣಿಕತೆ.

ಬೀದರ್ ಸೀಮೆಯ ಪ್ರೊಟೆಸ್ಟೆಂಟ್ ಸಭೆಗಳು ಬಹುಪಾಲು ಮೆಥೊಡಿಸ್ಟ್ ಪರಂಪರೆಯವು. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಇಲ್ಲಿ ಬೇರೂರಿದ ಆ ಮಿಷನ್ ಶಾಲೆ, ಆಸ್ಪತ್ರೆಗಳನ್ನು ಕಟ್ಟಿತು. ಅದೇ ಪರಂಪರೆಯ ಇ. ಸ್ಟ್ಯಾನ್ಲಿ ಜೋನ್ಸ್ ಅವರ ಜೀವನ ನಮಗೆ ಮುಖ್ಯ ಸಾಕ್ಷ್ಯ. 1907ರಲ್ಲಿ ಭಾರತಕ್ಕೆ ಬಂದ ಜೋನ್ಸ್ ಮೊದಲ ದಶಕದಲ್ಲಿ ಮತ್ತೆ ಮತ್ತೆ ಮಾನಸಿಕವಾಗಿ ಕುಸಿದರು. ವಿಶ್ರಾಂತಿಗೆ ಸ್ವದೇಶಕ್ಕೆ ಹೋಗಿ ಮರಳಿದರೂ ಕುಸಿತ ತಪ್ಪಲಿಲ್ಲ. ಲಕ್ನೋದಲ್ಲಿ ಪ್ರಾರ್ಥಿಸುತ್ತಿದ್ದಾಗ ತಮಗೆ ಬಿಡುಗಡೆಯಾಯಿತೆಂದು ಅವರು 1925ರ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಮರೆಮಾಚದೆ ಬರೆದರು. ಇಷ್ಟಕ್ಕೇ ನಿಂತಿದ್ದರೆ ಅದು ಸಾಕ್ಷಿ ಹೇಳುವ ಕೂಟಗಳ ಇನ್ನೊಂದು ಕಥೆಯಾಗುತ್ತಿತ್ತು. ಅವರು ಮುಂದೆ ಮಾಡಿದ್ದು ಗಮನಾರ್ಹ: 1950ರಲ್ಲಿ ಅದೇ ಲಕ್ನೋದಲ್ಲಿ ನೂರ್ ಮಂಜಿಲ್ ಎಂಬ ಮನೋವೈದ್ಯಕೀಯ ಕೇಂದ್ರವನ್ನು ಸ್ಥಾಪಿಸಿದರು. ಪ್ರಾರ್ಥನೆಯಲ್ಲಿ ಗುಣಹೊಂದಿದೆನೆಂದು ನಂಬಿದವರೇ ಇತರರಿಗಾಗಿ ವೈದ್ಯರನ್ನು ಕರೆಸಿದರು. ತಮ್ಮ ಅನುಭವವನ್ನು ಅವರು ಎಲ್ಲರಿಗೂ ವಿಧಿಯಾಗಿ ಹೇರಲಿಲ್ಲ.

1957ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಕೆನಡಾದ ಡಾ. ಫ್ಲಾರೆನ್ಸ್ ನಿಕೋಲ್ಸ್ ಮಾನಸಿಕ ಆರೋಗ್ಯ ಕೇಂದ್ರವನ್ನು ಆರಂಭಿಸಿದರು. ರೋಗಿಯ ಜೊತೆ ಕುಟುಂಬದವರೂ ಇದ್ದು ಆರೈಕೆ ಕಲಿಯುವ ಪದ್ಧತಿಗೆ ಆ ಕೇಂದ್ರ ಹೆಸರಾಯಿತು. ಅದೇ ದಶಕದಲ್ಲಿ ಜಗತ್ತಿಗೆ ಮೊದಲ ಪರಿಣಾಮಕಾರಿ ಮನೋವೈದ್ಯಕೀಯ ಔಷಧಿಗಳೂ ದೊರೆತವು. ಗೋಡೆಯ ಬದಲು ಗುಳಿಗೆ, ಒಂಟಿತನದ ಬದಲು ಮನೆಯವರು: ಚಿಕಿತ್ಸೆ ಹಳ್ಳಿಗೆ ಬರಬಲ್ಲದೆಂಬ ಆಸೆ ಆಗ ಹುಟ್ಟಿತು.

ಬಳ್ಳಾರಿಯಿಂದ ಬೀದರಿಗೆ

ಆ ಆಸೆಯನ್ನು ಕಾರ್ಯಕ್ಕಿಳಿಸಿದ್ದರಲ್ಲಿ ಕರ್ನಾಟಕಕ್ಕೆ ಹಿರಿಯ ಪಾಲಿದೆ. ನಿಮ್ಹಾನ್ಸ್ ತಜ್ಞರು 1970ರ ದಶಕದಲ್ಲಿ ಬೆಂಗಳೂರಿನ ಬಳಿಯ ಸಕಲವಾರದಲ್ಲಿ ಹಳ್ಳಿಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ನೀಡುವ ಪ್ರಯೋಗ ನಡೆಸಿದರು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡಿತು. 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ನಡೆದ ಪ್ರಯೋಗವೇ 1996ರ ಜಿಲ್ಲಾ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಬೀದರಿನಲ್ಲಿ 2007ರಲ್ಲಿ ಸರ್ಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆ ಆರಂಭವಾಯಿತು. 2022ರ ಅಕ್ಟೋಬರ್ 10ರಿಂದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ಔರಾದಿನ ಹಳ್ಳಿಗೂ ಬೆಂಗಳೂರಿಗೂ ನಡುವಿನ 700 ಕಿಲೋಮೀಟರ್ ಒಂದು ಕರೆಯಷ್ಟು ಕಿರಿದಾಗಿದೆ.

ಆದರೂ ಅಂತರ ಮುಗಿದಿಲ್ಲ. ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಯಾವುದಾದರೊಂದು ಮನೋವ್ಯಾಧಿ ಇತ್ತು. ಸಾಮಾನ್ಯ ಮನೋವ್ಯಾಧಿಗಳುಳ್ಳವರಲ್ಲಿ ಬಹುಪಾಲು ಜನ ಚಿಕಿತ್ಸೆಯಿಂದ ಹೊರಗಿದ್ದರು. ನೂರು ವಯಸ್ಕರ ಸಭೆಯಲ್ಲಿ ಸುಮಾರು ಹತ್ತು ಮಂದಿ ಎಂದು ಭಾವಿಸಿ ಪಾಲಕನು ತನ್ನ ಸಭೆಯತ್ತ ನೋಡಬೇಕು.

ಶಾಸ್ತ್ರದ ಬೆಳಕು

ಸತ್ಯವೇದವು ಎಲ್ಲ ಮನೋವ್ಯಥೆಯನ್ನೂ ದೆವ್ವಕ್ಕೆ ಕಟ್ಟುವುದಿಲ್ಲ. ಮತ್ತಾಯ 4:24ರಲ್ಲಿ ದೆವ್ವ ಹಿಡಿದವರನ್ನೂ ಮೂರ್ಛಾರೋಗಿಗಳನ್ನೂ ಪಾರ್ಶ್ವವಾಯು ರೋಗಿಗಳನ್ನೂ ಬೇರೆ ಬೇರೆಯಾಗಿಯೇ ಹೇಳಿದೆ. 88ನೆಯ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ, ಆದರೂ ಅದು ದೇವರಿಗೆ ಸಲ್ಲಿಸಿದ ಪ್ರಾರ್ಥನೆಯೇ. 1 ಅರಸು 19ರಲ್ಲಿ ಎಲೀಯನು ಸಾವನ್ನು ಬೇಡಿ ಗಿಡದ ಕೆಳಗೆ ಮಲಗುತ್ತಾನೆ. ದೇವದೂತನು ಅವನ ಅವಿಶ್ವಾಸವನ್ನು ಗದರಿಸುವುದಿಲ್ಲ. ತಟ್ಟಿ ಎಬ್ಬಿಸುತ್ತಾನೆ, ರೊಟ್ಟಿಯನ್ನೂ ನೀರನ್ನೂ ಕೊಡುತ್ತಾನೆ. ಎಲೀಯನು ಮತ್ತೆ ಮಲಗುತ್ತಾನೆ, ದೂತನು ಎರಡನೆಯ ಸಲ ಬರುತ್ತಾನೆ. ಹೋರೇಬಿನ ಮಾತು ಬರುವುದು ಆಮೇಲೆ. ನಿದ್ರೆ, ಆಹಾರ ಮತ್ತು ಸಂಗಡಿಗನ ಕೈ ದೇವರ ಕೃಪೆಯ ಮೊದಲ ರೂಪಗಳಾಗಿ ಇಲ್ಲಿ ಕಾಣುತ್ತವೆ. ಔಷಧಿಯನ್ನು ಕೃಪೆಯ ಎದುರಾಳಿಯೆನ್ನುವ ಬೋಧನೆ ಈ ಅಧ್ಯಾಯದ ಮುಂದೆ ನಿಲ್ಲಲಾರದು.

ಉಪಸಂಹಾರ

ಆಸ್ಪತ್ರೆ ದೂರವಿದ್ದ ಕಾಲದಲ್ಲಿ ಸಭೆಯು ನೊಂದವರ ಕೊನೆಯ ಬಾಗಿಲಾಗಿತ್ತು. ಇಂದು ಅದು ಮೊದಲ ಬಾಗಿಲಾಗಬೇಕು. ಪಾಲಕನು ರೋಗನಿರ್ಣಯ ಮಾಡುವವನಲ್ಲ. ಎರಡು ವಾರ ದಾಟಿದ ಕುಗ್ಗುವಿಕೆಯನ್ನು ಗುರುತಿಸಿ, ಸಾವಿನ ಯೋಚನೆ ಇದೆಯೇ ಎಂದು ನೇರವಾಗಿ ಕೇಳಿ, ಗುಟ್ಟನ್ನು ಕಾಪಾಡಿ, ಆದರೆ ಪ್ರಾಣಾಪಾಯವಿದ್ದಾಗ ಮನೆಯವರನ್ನೂ ವೈದ್ಯರನ್ನೂ ಕೂಡಲೇ ಸೇರಿಸಿಕೊಂಡು, ಜೊತೆಗೇ ಆಸ್ಪತ್ರೆಗೆ ಹೋಗುವುದು ಅವನ ಕೆಲಸ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯು ರೋಗಿಯನ್ನು ಸರಪಳಿಯಲ್ಲಿಡುವುದನ್ನು ನಿಷೇಧಿಸಿದೆ. ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡಕ್ಕೆ ಒಳಗಾದವರೆಂದು ಭಾವಿಸಿ ಆರೈಕೆ ನೀಡಬೇಕೆಂದಿದೆ. ರಾಜ್ಯದ ಕಾನೂನೇ ಇಷ್ಟು ಕರುಣೆ ಕಲಿತಿರುವಾಗ, ಅಂಥ ಮನೆಯ ಶವಸಂಸ್ಕಾರಕ್ಕೆ ಹಿಂಜರಿಯುವ ಸಭೆ ಯಾವ ಸುವಾರ್ತೆಯನ್ನು ಸಾರುತ್ತದೆ? ಭಾಲ್ಕಿಯಲ್ಲೋ ಔರಾದಿನಲ್ಲೋ ಸೇವೆಗೆ ಹೋಗಲಿರುವ ವಿದ್ಯಾರ್ಥಿಯು ತಾಲೂಕು ಆಸ್ಪತ್ರೆಯ ವೈದ್ಯರ ಪರಿಚಯವನ್ನು ಮೊದಲ ತಿಂಗಳಲ್ಲೇ ಮಾಡಿಕೊಳ್ಳಲಿ. ಪ್ರಾರ್ಥನೆ ನಿಲ್ಲುವುದು ಬೇಡ; ಅದು ರೋಗಿಯ ಸಂಗಡ ಆಸ್ಪತ್ರೆಯವರೆಗೂ ನಡೆದುಹೋಗಲಿ.