ಬಾಲಕರ ಮದ್ಯಸೇವನೆ ತಡೆ (ಜವಳಗಿರಿ ಸೀಮೆ)

ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ಜವಳಗಿರಿ, ಕರ್ನಾಟಕದ ಗಡಿಗೆ ಅಂಟಿಕೊಂಡ ಕಾಡಂಚಿನ ಊರು. ಇಲ್ಲಿ ಮದ್ಯದ ಪ್ರಶ್ನೆಗೆ ಎರಡು ರಾಜ್ಯಗಳ ಕಾನೂನುಗಳು ಮುಖಾಮುಖಿಯಾಗುತ್ತವೆ. ಈ ಸೀಮೆ ಹಿಂದೆ ಸೇಲಂ ಜಿಲ್ಲೆಗೆ ಸೇರಿತ್ತು. ಆಗಿನ ಮದ್ರಾಸ್ ಪ್ರಾಂತ್ಯದ ಸರ್ಕಾರದ ಮುಖ್ಯಸ್ಥ ರಾಜಾಜಿ 1937ರ ಅಕ್ಟೋಬರ್ 1ರಂದು ಪಾನನಿಷೇಧವನ್ನು ಮೊದಲು ಜಾರಿಗೆ ತಂದದ್ದು ಆ ಜಿಲ್ಲೆಯಲ್ಲೇ. 1971ರಲ್ಲಿ ತಮಿಳುನಾಡು ನಿಷೇಧ ಸಡಿಲಿಸಿತು. 2003ರಿಂದ ಚಿಲ್ಲರೆ ಮಾರಾಟ ಸರ್ಕಾರಿ ಸಂಸ್ಥೆ ಟಾಸ್ಮಾಕ್‌ನ ಕೈಯಲ್ಲಿದೆ. 21 ವರ್ಷ ತುಂಬದವರಿಗೆ ಅಲ್ಲಿ ಮಾರುವಂತಿಲ್ಲ.

ಆದರೆ ಹಳ್ಳಿಯ ಹುಡುಗನ ಕೈಗೆ ಮದ್ಯ ಬರಲು ಅಂಗಡಿಯೇ ಬೇಕಿಲ್ಲ. ಜಾತ್ರೆ, ಮದುವೆಗಳಲ್ಲಿ ದೊಡ್ಡವರೇ ಲೋಟ ನೀಡುವುದುಂಟು. “ಹೋಗಿ ಒಂದು ಕ್ವಾರ್ಟರ್ ತಗೊಂಬಾರೋ” ಎಂದು ಮಗನ ಕೈಗೆ ದುಡ್ಡು ಕೊಡುವ ಅಪ್ಪಂದಿರೂ ಇದ್ದಾರೆ. ಕರ್ನಾಟಕದಲ್ಲಿ ಸಿಗುವ 90 ಮಿಲಿಲೀಟರಿನ ವಿಸ್ಕಿ ಪೊಟ್ಟಣ ಹಣ್ಣಿನ ರಸದ ಡಬ್ಬಿಯಂತಿದ್ದು, ಅಂಗಿಯ ಜೇಬಿನಲ್ಲೇ ಅಡಗುತ್ತದೆ. 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಮು ಮಗುವಿಗೆ ಮದ್ಯ ಕೊಟ್ಟವರಿಗೆ ಏಳು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸುತ್ತದೆ. ಮಕ್ಕಳಿಂದ ಮದ್ಯ ಸಾಗಿಸುವುದೂ 78ನೇ ಕಲಮಿನಡಿ ಅಪರಾಧ. ಆದರೆ ಕೊಟ್ಟವನು ಸೋದರಮಾವನೇ ಆದಾಗ ದೂರು ಕೊಡುವವರಾರು? ಹೀಗಾಗಿ ಪೊಲೀಸರಿಗಿಂತ ಮನೆಯ ಹೆಂಗಸರು, ಶಾಲೆಯ ಮೇಷ್ಟ್ರು, ಸ್ವಸಹಾಯ ಸಂಘಗಳ ಮಾತಿಗೇ ಇಲ್ಲಿ ತೂಕ ಹೆಚ್ಚು.

ಶಾಲೆ ಬಳಿಯ ಅಂಗಡಿ ತೆಗೆಸಲು ಗ್ರಾಮಸಭೆಯಲ್ಲಿ ಠರಾವು ಮಂಡಿಸಬಹುದು. ಮಕ್ಕಳ ಸಹಾಯವಾಣಿ 1098. ವ್ಯಸನ ಬಿಡಿಸುವ ಸಲಹೆಗೆ 14446. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸಾ ಕೇಂದ್ರವಿದೆ.